ಮೈಲೂರಿನ ಸ್ಲ್ಯಾಬಿನೊಳಗಿನ ಕಬ್ಬಿಣ: ಕವರ್, ಕ್ಯೂರಿಂಗ್ ಮತ್ತು ತುಕ್ಕು

ಬೀದರಿನ ಮಹಮೂದ್ ಗವಾನ್ ಮದರಸಾ 1472ರಲ್ಲಿ ಕಟ್ಟಿದ್ದು. ಅದರ ಗೋಡೆಗಳನ್ನು ಹಿಡಿದಿರುವುದು ಕಲ್ಲು ಮತ್ತು ಸುಣ್ಣದ ಗಾರೆ. ಆ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದಕಲ್ಲಾಗುತ್ತದೆ; ಗಾರೆ ಗಟ್ಟಿಯಾಗುವುದೇ ಹೀಗೆ. ಅದೇ ಊರಿನ ಮೈಲೂರ ಭಾಗದ ಆರ್‌ಸಿಸಿ ಮನೆಗಳಲ್ಲೂ ಇದೇ ಕ್ರಿಯೆ ನಡೆಯುತ್ತದೆ. ಆದರೆ ಇಲ್ಲಿ ಕಾಂಕ್ರೀಟಿನೊಳಗೆ ಉಕ್ಕಿನ ಸರಳುಗಳಿವೆ. ಅಂದು ಗೋಡೆಗೆ ಬಲ ಕೊಟ್ಟ ಕ್ರಿಯೆ ಇಂದು ಸರಳಿನ ರಕ್ಷಣೆಯನ್ನು ಕಳೆಯುತ್ತದೆ. ಬೀದರಿನಂಥ ಒಳನಾಡಿನಲ್ಲಿ ಸರಳನ್ನು ಉಳಿಸುವುದು ದುಬಾರಿ ಲೇಪನಕ್ಕಿಂತ ಮೊದಲಾಗಿ ಅದರ ಸುತ್ತಲಿನ 20–30 ಮಿ.ಮೀ. ಕಾಂಕ್ರೀಟ್, ಅಂದರೆ ‘ಕವರ್’, ಎಂಬುದು ಈ ಟಿಪ್ಪಣಿಯ ವಾದ.

ಹೊಸ ಕಾಂಕ್ರೀಟಿನ ಪಿಎಚ್ ಮೌಲ್ಯ 12.5ಕ್ಕೂ ಹೆಚ್ಚು. ಇಷ್ಟು ಕ್ಷಾರವಿರುವಾಗ ಉಕ್ಕಿನ ಮೈಮೇಲೆ ಬಹು ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಈ ಪದರವನ್ನು ಕೆಡಿಸುವ ಕಾರಣಗಳು ಮುಖ್ಯವಾಗಿ ಎರಡು. ಒಂದು, ಕ್ಲೋರೈಡ್ ಲವಣ. ಮಂಗಳೂರು, ಕಾರವಾರದ ಕಟ್ಟಡಗಳಿಗೆ ಕಡಲ ಗಾಳಿ ತರುವ ತೊಂದರೆ ಇದು. ಎರಡು, ಕಾರ್ಬೊನೇಷನ್: ಇಂಗಾಲದ ಡೈಆಕ್ಸೈಡ್ ಒಳಗಿಳಿದಂತೆ ಪಿಎಚ್ 9ರ ಆಸುಪಾಸಿಗೆ ಕುಸಿಯುತ್ತದೆ. ಬೀದರ್ ಕಡಲಿನಿಂದ ನೂರಾರು ಕಿ.ಮೀ. ದೂರದಲ್ಲಿರುವ ಪ್ರಸ್ಥಭೂಮಿ. ಇಲ್ಲಿ ಒಣ ತಿಂಗಳುಗಳಲ್ಲಿ ಅನಿಲ ಕಾಂಕ್ರೀಟಿನೊಳಗೆ ಸಲೀಸಾಗಿ ಇಳಿಯುತ್ತದೆ, ಮಳೆಗಾಲದಲ್ಲಿ ತುಕ್ಕಿಗೆ ಬೇಕಾದ ತೇವ ಸಿಗುತ್ತದೆ. ತುಕ್ಕು ಮೂಲ ಉಕ್ಕಿನ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಸರಳಿನ ಉದ್ದಕ್ಕೂ ಬಿರಿದು, ಕೊನೆಗೆ ಹಕ್ಕಳೆಯಾಗಿ ಬೀಳುತ್ತದೆ.

ಕಾರ್ಬೊನೇಷನ್ ಇಳಿಯುವ ಆಳ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಉದಾಹರಣೆಗೆ, ಮೊದಲ ವರ್ಷದಲ್ಲಿ 4 ಮಿ.ಮೀ. ಇಳಿಯುವ ಕಾಂಕ್ರೀಟನ್ನು ತೆಗೆದುಕೊಳ್ಳೋಣ. 20 ಮಿ.ಮೀ. ಕವರ್ ದಾಟಿ ಸರಳನ್ನು ಮುಟ್ಟಲು ಅದಕ್ಕೆ 25 ವರ್ಷ ಬೇಕು. ಕವರ್ 30 ಮಿ.ಮೀ. ಇದ್ದರೆ 56 ವರ್ಷ, 10 ಮಿ.ಮೀ. ಮಾತ್ರ ಉಳಿದಿದ್ದರೆ ಆರೇ ವರ್ಷ. ಕವರ್ ಅರ್ಧವಾದರೆ ರಕ್ಷಣೆಯ ಅವಧಿ ಕಾಲು ಭಾಗಕ್ಕೆ ಇಳಿಯುತ್ತದೆ. ಐಎಸ್ 456:2000 ಸಂಹಿತೆ ಸೌಮ್ಯ ಪರಿಸರಕ್ಕೆ 20, ಮಧ್ಯಮ ಪರಿಸರಕ್ಕೆ 30, ತೀವ್ರ ಪರಿಸರಕ್ಕೆ 45 ಮಿ.ಮೀ. ಕವರ್ ವಿಧಿಸುವುದರ ಹಿಂದಿನ ತರ್ಕವನ್ನು ಈ ಲೆಕ್ಕದಿಂದ ತಿಳಿಯಬಹುದು.

ಈ ಮಿಲಿಮೀಟರುಗಳು ಕಳೆದುಹೋಗುವುದು ಸ್ಲ್ಯಾಬ್ ಹಾಕುವ ದಿನವೇ. ಗೋಡೆಯಿಂದ ಹೊರಚಾಚಿದ ಛಜ್ಜಾವನ್ನು ನೋಡಿ. ಅದರ ಮುಖ್ಯ ಸರಳು ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟ್ ಸುರಿಯುವಾಗ ಬುಟ್ಟಿ ಹೊತ್ತವರು ಜಾಳಿಗೆಯ ಮೇಲೆಯೇ ಓಡಾಡಿದರೆ ಸರಳು ಕೆಳಗೆ ಕುಸಿದು ಸೆಂಟ್ರಿಂಗ್ ಹಲಗೆಗೆ ತಾಗುತ್ತದೆ. ಆಗ ಛಜ್ಜಾದ ಬಲವೂ ಹೋಯಿತು, ಅಡಿಯ ಕವರೂ ಹೋಯಿತು. ಕವರ್ ಬ್ಲಾಕ್ ಬದಲು ಖಡಿಯ ಚೂರನ್ನು ಇಟ್ಟರೆ ವೈಬ್ರೇಟರ್ ತಾಗಿದೊಡನೆ ಅದು ಜಾರುತ್ತದೆ. ಮೇಲೆ ಹಚ್ಚುವ ಗಿಲಾವ್ ಅನಿಲವನ್ನು ಕೊಂಚ ತಡೆಯುತ್ತದೆ ನಿಜ, ಆದರೆ ಅದನ್ನು ಕವರಿನ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಕವರಿನ ದಪ್ಪದಷ್ಟೇ ಅದರ ಸಾಂದ್ರತೆಯೂ ಮುಖ್ಯ. ನೀರು–ಸಿಮೆಂಟ್ ಅನುಪಾತ ಸೌಮ್ಯ ಪರಿಸರದಲ್ಲಿ 0.55, ಮಧ್ಯಮದಲ್ಲಿ 0.50 ಮೀರಬಾರದು. 50 ಕಿಲೋ ಚೀಲಕ್ಕೆ ಇದು 27.5 ಮತ್ತು 25 ಲೀಟರ್. ಉಸುಕಿನ ತೇವವೂ ಇದರೊಳಗೇ ಬರಬೇಕು. ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ತೇವವಾಗಿಡುವುದು, ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿ ಒಣಹವೆಯಲ್ಲಿ 10 ದಿನ. ಬೀದರಿನ ಬೇಸಿಗೆಗೆ ಈ ಎರಡನೆಯ ಮಾತೇ ಅನ್ವಯ. ಬೋರಿನ ನೀರು ಬಳಸುವವರು ಪರೀಕ್ಷೆ ಮಾಡಿಸಲಿ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರುವಂತಿಲ್ಲ.

ಲೇಪನಗಳ ಸ್ಥಾನ ಇದಾದ ಮೇಲೆ. ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ತುಕ್ಕುನಿರೋಧಕ ಬೆರೆಸಿದ ಸಿಮೆಂಟ್ ತಿಳಿಯ ಲೇಪನವನ್ನು ರೂಪಿಸಿದೆ. ಎಪಾಕ್ಸಿ ಲೇಪಿತ ಸರಳಿಗೆ ಐಎಸ್ 13620 ಮಾನಕವಿದೆ. ಅದರ ಲೇಪನ ಎಲ್ಲಿ ಗೀಚಿದರೂ ತುಕ್ಕು ಅಲ್ಲೇ ಶುರುವಾಗುತ್ತದೆ. ಸತುವಿನ ಲೇಪನದ ಗುಣ ಬೇರೆ. ಸತು ಉಕ್ಕಿಗಿಂತ ಚುರುಕಾಗಿ ಪ್ರತಿಕ್ರಿಯಿಸುವ ಲೋಹವಾದ್ದರಿಂದ ತಾನು ಸವೆದು ಉಕ್ಕನ್ನು ಕಾಯುತ್ತದೆ. ಬೀದರಿನ ಬಿದರಿ ಲೋಹಕಲೆಯ ಕುಶಲಕರ್ಮಿಗಳಿಗೆ ಸತುವಿನ ಈ ಚುರುಕು ಹೊಸದಲ್ಲ: ಊರಿನ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣಕ್ಕೆ ಸತುವೇ ಪ್ರಧಾನವಾದ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಬೆಳ್ಳಗೇ ಉಳಿಯುತ್ತದೆ.

ಹಳೆಯ ಮನೆಗಳನ್ನು ಪರೀಕ್ಷಿಸುವಾಗ ಎರಡು ಎಚ್ಚರಿಕೆ ಬೇಕು. ಬೀದರಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಹೇರಳ. ಗೋಡೆಯ ಪ್ರತಿ ಕೆಂಪು ಕಲೆಯೂ ಸರಳಿನ ತುಕ್ಕಲ್ಲ. ಇನ್ನು, ಕಾರ್ಬೊನೇಷನ್ ಆದ ಮೇಲ್ಮೈ ತುಸು ಗಡಸಾಗುವುದರಿಂದ ಮೇಲ್ಮೈ ಬಡಿದು ಕಾಂಕ್ರೀಟಿನ ಬಲ ಅಂದಾಜಿಸುವ ರೀಬೌಂಡ್ ಹ್ಯಾಮರ್ ಇರುವುದಕ್ಕಿಂತ ಹೆಚ್ಚಿನ ಬಲವನ್ನು ತೋರಿಸಬಲ್ಲದು. ಖಚಿತ ದಾರಿ ಫಿನಾಲ್ಫ್ತಲೀನ್ ಪರೀಕ್ಷೆ. ಹೊಸದಾಗಿ ಒಡೆದ ಮುಖಕ್ಕೆ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಕಳೆದ ಭಾಗ ಬಣ್ಣ ತಾಳುವುದಿಲ್ಲ. ಬಣ್ಣವಿಲ್ಲದ ಅಂಚು ಸರಳಿನವರೆಗೆ ಬಂದಿದ್ದರೆ ಹೊರಗೆ ಬಿರುಕಿಲ್ಲದಿದ್ದರೂ ಅಪಾಯ ಆರಂಭವಾಗಿದೆ. ಆಗ ಮೇಲೆ ಗಿಲಾವ್ ಬಳಿದು ಮುಚ್ಚುವುದು ದುರಸ್ತಿಯಲ್ಲ. ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೆ ಕೆತ್ತಿ, ತುಕ್ಕು ಉಜ್ಜಿ, ಸರಳು ಎಷ್ಟು ಸವೆದಿದೆಯೆಂದು ಅಳೆದ ಮೇಲೆಯೇ ಹೊಸ ಗಾರೆ ತುಂಬಬೇಕು.

ಮೇಲಿನ 4 ಮಿ.ಮೀ. ಎಂಬುದು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆ. ಊರಿಗೆ ಬೇಕಾದದ್ದು ತನ್ನದೇ ಅಳತೆ. ಗುರು ನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು ಮೈಲೂರ ರಸ್ತೆಯಲ್ಲೇ ಇದೆ. ಇಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗಲೆಲ್ಲ ಕಟ್ಟಿದ ವರ್ಷ, ಕವರಿನ ದಪ್ಪ, ಕಾರ್ಬೊನೇಷನ್ ಆಳ ಈ ಮೂರನ್ನು ವಿದ್ಯಾರ್ಥಿಗಳು ದಾಖಲಿಸಲಿ. ಮನೆ ಕಟ್ಟಿಸುವವರು ಕಾಂಕ್ರೀಟ್ ಬೀಳುವ ಮುನ್ನ ಗೌಂಡಿಯ ಜೊತೆ ನಿಂತು ಪ್ರತಿ ಸರಳಿನ ಕೆಳಗೂ ಕವರ್ ಬ್ಲಾಕ್ ಇದೆಯೇ ಎಂದು ನೋಡಲಿ.