ಯಕೋಬನ ಬಾವಿಯೂ ನಾರುಹುಣ್ಣೂ



ತಪಸ್ಸುಕಾಲದಲ್ಲಿ ಸಮಾರಿಯದ ಸ್ತ್ರೀಯ ಶುಭಸಂದೇಶವನ್ನು ಆಲಿಸುತ್ತೇವೆ. ಆಕೆಯ ಬಾವಿ ಆಳವಾದದ್ದು, ಹಗ್ಗವಿಲ್ಲದೆ ನೀರಿಲ್ಲ. ನಮ್ಮ ದೇಶದ ಎಷ್ಟೋ ಹಳ್ಳಿಗಳಲ್ಲಿ ಹಗ್ಗವೇ ಬೇಕಿರಲಿಲ್ಲ. ಮೆಟ್ಟಿಲಿಳಿದು, ನೀರಲ್ಲೇ ನಿಂತು ಕೊಡ ತುಂಬುತ್ತಿದ್ದರು. ನಾರುಹುಣ್ಣು ಹಬ್ಬಿದ್ದು ಹಾಗೆಯೇ.

ಕಾಲಿನ ಬೊಬ್ಬೆಯ ಉರಿ ತಾಳದೆ ರೋಗಿ ನೀರಿಗಿಳಿದರೆ ಹುಳು ಅಲ್ಲಿ ಮರಿಗಳನ್ನು ಬಿಡುತ್ತದೆ. ನೀರಿನ ಸೂಕ್ಷ್ಮಜೀವಿಗಳು ಅವನ್ನು ನುಂಗುತ್ತವೆ. ಆ ನೀರು ಕುಡಿದವರ ಮೈಯಿಂದ ಸುಮಾರು ಒಂದು ವರ್ಷದ ಬಳಿಕ ಎರಡು ಮೂರು ಅಡಿಯ ಹುಳು ಹೊರಬರುತ್ತದೆ. ಔಷಧವಿಲ್ಲ, ಲಸಿಕೆಯಿಲ್ಲ; ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಅಷ್ಟು ದಿನವೂ ದುಡಿಮೆಯಿಲ್ಲ. (ಅರಣ್ಯದಲ್ಲಿ ಇಸ್ರಯೇಲರನ್ನು ಕಾಡಿದ ಸರ್ಪ ಈ ಹುಳುವೇ ಎಂದು ಕೆಲವು ಪಂಡಿತರ ಊಹೆ. ಆ ಗೊಡವೆ ನಮಗೆ ಬೇಡ.) ಇಂಥ ನೋವನ್ನು ಪಾಪದ ಫಲವೆನ್ನುವ ಬಾಯಿಗಳು ನಮ್ಮಲ್ಲಿ ಇನ್ನೂ ಇವೆಯಲ್ಲ, ಅದು ನಮಗೆ ನಾಚಿಕೆ.

1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಹುಡುಕಿದರು, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿದರು. ಕೊಳವೆಬಾವಿಗಳು ಬಂದವು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿಸಿದರು. ಪುಣ್ಯಕ್ಕೆಂದು ಹಿರಿಯರು ಕಟ್ಟಿಸಿದ ಮೆಟ್ಟಿಲುಗಳನ್ನೇ ಮುಚ್ಚಬೇಕಾಯಿತು, ಒಪ್ಪಿಸುವುದು ಸುಲಭವಾಗಿರಲಾರದು. ಹೆಂಗಸರ ರಟ್ಟೆಗೆ ಹಗ್ಗದ ಭಾರವೂ ಬಿತ್ತು.

ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧ್‌ಪುರ ಜಿಲ್ಲೆಯಲ್ಲಿ. ಆಮೇಲೂ ಹುಡುಕಾಟ ನಿಲ್ಲಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಮುಕ್ತವೆಂದು ದೃಢೀಕರಿಸಿತು.

1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷವಿದ್ದ ರೋಗಿಗಳು 2023ರಲ್ಲಿ 14. ಆದರೆ ಆಫ್ರಿಕಾದ ಚಾಡ್ ದೇಶದಲ್ಲಿ ನಾಯಿಗಳಲ್ಲೂ ಹುಳು ಕಂಡುಬಂದಿದೆ. ಅಲ್ಲಿ ಹುಡುಕುವವರು ಈಗ ನಾಯಿಗಳ ಕಾಲನ್ನೂ ನೋಡಬೇಕಾಗಿದೆ.