ಕೀಲೆಣ್ಣೆಯಿಂದ ಸಿಂಥೆಟಿಕ್‌ವರೆಗೆ: ಆಯಿಲ್ ಬದಲಾಯಿಸೋ ಲೆಕ್ಕ ಎಲ್ಲಿಂದ ಬಂತು?

ಮಾವಿನ ಹೂವಿಗೆ ಔಷಧಿ ಹೊಡೆಯೋ ಕಾಲ ಬಂತು ಅಂದ್ರೆ ನಮ್ಮ ಗೌನಿಪಲ್ಲಿ ಸುತ್ತಮುತ್ತ ಟ್ರಾಕ್ಟರ್‌ಗಳಿಗೆ ಬಿಡುವಿಲ್ಲ. ಬೆಳಗ್ಗೆ ಸ್ಪ್ರೇ, ಮಧ್ಯಾಹ್ನ ನೀರಿನ ಟ್ಯಾಂಕರ್, ಸಂಜೆ ಟೊಮೆಟೊ ಕ್ರೇಟು. ಆಗಲೇ ಎಲ್ಲರೂ ಕೇಳೋದು: "ಅಣ್ಣ, ಸಿಂಥೆಟಿಕ್ ಆಯಿಲ್ ಹಾಕಿಸ್ಲಾ? ಹಾಕಿಸಿದ್ರೆ ಎಷ್ಟು ಗಂಟೆ ಓಡಿಸ್ಬಹುದು?" ಹಳೇ ಮೆಕ್ಯಾನಿಕ್ 150 ಗಂಟೆ ಅಂತಾನೆ. ಕಂಪನಿ ಪುಸ್ತಕದಲ್ಲಿ 250 ಅಂತಿರುತ್ತೆ. ಅಂಗಡಿಯವನು ದುಬಾರಿ ಕ್ಯಾನ್ ತೋರಿಸಿ 500 ಅಂತಾನೆ. ಮೂವರೂ ಸುಳ್ಳು ಹೇಳ್ತಿಲ್ಲ. ಒಂದೊಂದು ಸಂಖ್ಯೆಯೂ ಒಂದೊಂದು ಕಾಲದ ಡೀಸೆಲ್, ಆ ಕಾಲದ ಎಂಜಿನ್ ನೋಡಿ ಹುಟ್ಟಿದ್ದು. ಆ ಚರಿತ್ರೆ ಗೊತ್ತಿದ್ರೆ ನಮ್ಮ ಗಾಡಿಗೆ ಯಾವುದು ಸರಿ ಅಂತ ನಾವೇ ತೀರ್ಮಾನ ಮಾಡ್ಬಹುದು. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ, ಬೇಸರ ಮಾಡ್ಕೋಬೇಡಿ.

ಎತ್ತಿನ ಗಾಡಿಯಿಂದ ಶುರು ಮಾಡೋಣ. ನಮ್ಮ ತಾತಂದಿರ ಗಾಡಿಗೆ ಹಾಕ್ತಿದ್ದದ್ದು ಕೀಲೆಣ್ಣೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಅಡಿ ತೂಗುಹಾಕ್ತಿದ್ರು. ಮನೇಲಿ ತೆಲುಗು ಮಾತಾಡೋರಿಗೆ ಅದೇ ಆಮುದಂ. ದೂರದ ಪಯಣ ಹೊರಡೋ ಮುಂಚೆ ಚಕ್ರ ಸರಿಸಿ ಇರುಸಿಗೆ ಬಳಿಯೋದು, ದಾರೀಲಿ ಕಿರ್ ಅಂದ್ರೆ ಮತ್ತೆ ಬಳಿಯೋದು. ಅಲ್ಲಿ "ಆಯಿಲ್ ಚೇಂಜ್" ಅನ್ನೋ ಮಾತೇ ಇರಲಿಲ್ಲ. ಹಾಕಿದ ಎಣ್ಣೆ ಸವೆದು, ಸೋರಿ, ಧೂಳು ಹಿಡಿದು ಹೋಗ್ತಿತ್ತು. ಹೋದಷ್ಟೂ ಹೊಸದು ಹಾಕ್ಬೇಕಿತ್ತು.

ಇದನ್ನ ಹಳ್ಳಿ ಮದ್ದು ಅಂತ ಕಡೆಗಣಿಸಬೇಡಿ. 19ನೇ ಶತಮಾನದಲ್ಲಿ ನಮ್ಮ ದೇಶದ ರೈಲುಗಳೂ ಹರಳೆಣ್ಣೆ ಬಳಸಿದ್ದುವು. ಮೊದಲನೇ ಮಹಾಯುದ್ಧದ ಯುದ್ಧವಿಮಾನಗಳಲ್ಲಿ ರೋಟರಿ ಎಂಜಿನ್ ಅಂತ ಇತ್ತು, ಸಿಲಿಂಡರ್‌ಗಳೆಲ್ಲ ಗರಗರ ಸುತ್ತೋದು. ಅದಕ್ಕೂ ಹರಳೆಣ್ಣೆಯೇ ಬೇಕಿತ್ತು, ಯಾಕಂದ್ರೆ ಪೆಟ್ರೋಲಿನಲ್ಲಿ ಅದು ಸುಲಭಕ್ಕೆ ಕರಗೋದಿಲ್ಲ, ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡಿರುತ್ತೆ. ಆ ಎಂಜಿನ್‌ಗಳಲ್ಲೂ ಎಣ್ಣೆ ತಿರುಗಿ ಬರ್ತಿರಲಿಲ್ಲ, ಹೊಗೆ ಜೊತೆ ಹೊರಗೆ ಹಾರ್ತಿತ್ತು. ಅದನ್ನ ಉಸಿರಾಡಿ, ನುಂಗಿ ಪೈಲಟ್‌ಗಳಿಗೆ ಹೊಟ್ಟೆ ಕೆಡ್ತಿತ್ತಂತೆ. ಮಕ್ಕಳಿಗೆ ಹರಳೆಣ್ಣೆ ಕುಡಿಸಿದ ಮನೆಯವರಿಗೆ ಕಾರಣ ಬಿಡಿಸಿ ಹೇಳ್ಬೇಕಿಲ್ಲ. ಇವತ್ತು ಎಲ್ಲ ಅಂಗಡೀಲೂ ಕಾಣೋ ಕ್ಯಾಸ್ಟ್ರಾಲ್ ಅನ್ನೋ ಹೆಸರು 1909ರಲ್ಲಿ ಬಂತು. ಇಂಗ್ಲಿಷಿನಲ್ಲಿ ಹರಳಿಗೆ ಕ್ಯಾಸ್ಟರ್ ಅಂತಾರೆ, ಆ ಹೆಸರಿಗೆ ಮೂಲ ಅದೇ.

ಹರಳೆಣ್ಣೆಗೆ ಒಂದು ದೋಷ ಇತ್ತು. ಬಿಸಿ ಎಂಜಿನ್‌ನಲ್ಲಿ ಬಹಳ ಹೊತ್ತು ಇದ್ರೆ ಅಂಟಾಗಿ ಗಟ್ಟಿಯಾಗುತ್ತೆ. ಆಯಿಲ್ ಪ್ಯಾನ್‌ನಲ್ಲಿ ಎಣ್ಣೆ ತುಂಬಿಸಿ ಅದನ್ನೇ ಮತ್ತೆ ಮತ್ತೆ ತಿರುಗಿಸೋ ಎಂಜಿನ್ ಬಂದಾಗ, ನೆಲದಿಂದ ತೆಗೆದ ಖನಿಜ ತೈಲವೇ ಗೆದ್ದಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1859ರಲ್ಲಿ ತೈಲ ಬಾವಿ ಕೊರೆದ ಮೇಲೆ ಅದು ಅಗ್ಗವಾಗಿ ಸಿಗತೊಡಗಿತ್ತು. 1911ರಲ್ಲಿ ಎಸ್‌ಎಇ ಸಂಸ್ಥೆ ಆಯಿಲಿನ ಗಟ್ಟಿತನಕ್ಕೆ ಸಂಖ್ಯೆ ಕೊಡೋ ಪದ್ಧತಿ ತಂತು. ನಾವು ಅಂಗಡೀಲಿ "40 ಆಯಿಲ್ ಕೊಡಿ" ಅನ್ನೋದು ಅಲ್ಲಿಂದ ಬಂದ ಮಾತು.

ಎಣ್ಣೆ ಒಳಗೇ ಉಳಿಯೋ ಎಂಜಿನ್ ಬಂದ ಮೇಲೇ ಬದಲಾಯಿಸೋ ಲೆಕ್ಕವೂ ಹುಟ್ಟಿದ್ದು. ಎಣ್ಣೆ ಒಳಗೆ ಕೂತರೆ ಕೊಳೆಯೂ ಒಳಗೇ ಕೂರುತ್ತೆ.

1930ರ ದಶಕದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯ ಡೀಸೆಲ್ ಟ್ರಾಕ್ಟರ್‌ಗಳಲ್ಲಿ ಒಂದು ದೊಡ್ಡ ತೊಂದರೆ ಕಾಣಿಸ್ತು. ಮಸಿ ಗಟ್ಟಿಯಾಗಿ ಪಿಸ್ಟನ್ ರಿಂಗ್‌ಗಳು ಅಂಟಿಕೊಳ್ತಿದ್ದುವು. ಅದಕ್ಕೆ ಪರಿಹಾರ ಅಂತ ಆ ದಶಕದ ಮಧ್ಯದಲ್ಲಿ ಆಯಿಲಿಗೆ ಸೋಪಿನಂಥ ರಾಸಾಯನಿಕ ಸೇರಿಸಿದ್ರು, ಡಿಟರ್ಜೆಂಟ್ ಅಂತಾರೆ. ಅದು ಮಸಿಯನ್ನ ಒಂದು ಕಡೆ ಕೂರೋಕೆ ಬಿಡದೆ ಆಯಿಲಲ್ಲೇ ತೇಲಿಸುತ್ತೆ. ಆದ್ದರಿಂದ ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಬೇಗ ಕಪ್ಪಾಯ್ತು ಅಂದ್ರೆ ಹೆದರಬೇಡಿ, ಅದು ತನ್ನ ಕೆಲಸ ಮಾಡ್ತಿದೆ ಅಂತ ಅರ್ಥ. ಬಣ್ಣ ನೋಡಿ "ಹೋಯ್ತು" ಅನ್ನೋದು ಡಿಟರ್ಜೆಂಟ್ ಬರೋಕ್ಕಿಂತ ಮುಂಚಿನ ಕಾಲದ ಬುದ್ಧಿ.

ಈಗ ನಮ್ಮ ನೆಲಕ್ಕೆ ಬರೋಣ. ಶಿವನಸಮುದ್ರದ ಕರೆಂಟು 1902ರಲ್ಲೇ ನಮ್ಮ ಜಿಲ್ಲೆಯ ಕೆಜಿಎಫ್ ಗಣಿಗೆ ಬಂತು. ಹಳ್ಳಿ ಬಾವಿಗಳಿಗೆ ಬರೋಕೆ ಮಾತ್ರ ಎಷ್ಟೋ ದಶಕ ಹಿಡೀತು. ಅಲ್ಲಿವರೆಗೆ ಕಪಿಲೆ, ಆಮೇಲೆ ಎಂಜಿನ್. ಪುಣೆಯಲ್ಲಿ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯ್ತು, ಎಂಜಿನ್ ಅಂದ್ರೆ ಕಿರ್ಲೋಸ್ಕರ್ ಅನ್ನೋಷ್ಟು ಆ ಹೆಸರು ನಿಂತ್ತು. ಬೆಂಗಳೂರಿನ ವಿಎಸ್‌ಟಿ 1967ರಿಂದ ಪವರ್ ಟಿಲ್ಲರ್ ದಾರಿಗೆ ಬಂತು. ಎಚ್‌ಎಂಟಿ 1971ರಲ್ಲಿ ಪಿಂಜೋರ್‌ನಲ್ಲಿ ಜೆಟಾರ್ ಮಾದರಿಯ ಟ್ರಾಕ್ಟರ್ ಕಟ್ಟಿತು. ಇಂಡಿಯನ್ ಆಯಿಲ್‌ನ ಸರ್ವೋ ಬಂದಿದ್ದು 1972ರಲ್ಲಿ.

ಆ ಕಾಲದ ಎಂಜಿನ್‌ಗೆ ಎರಡು ಶತ್ರು. ಒಂದು ಸೀಮೆಎಣ್ಣೆ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸೋ ಎಂಜಿನ್‌ನಲ್ಲಿ ಪೂರ್ತಿ ಉರಿಯದ ಸೀಮೆಎಣ್ಣೆ ರಿಂಗ್ ದಾಟಿ ಕೆಳಗಿಳಿದು ಆಯಿಲನ್ನ ತೆಳ್ಳಗೆ ಮಾಡ್ತಿತ್ತು. ಇನ್ನೊಂದು ಡೀಸೆಲ್‌ನಲ್ಲಿದ್ದ ಗಂಧಕ. ಗಂಧಕ ಉರಿದು, ನೀರಾವಿ ಜೊತೆ ಸೇರಿ ಆಮ್ಲ ಆಗುತ್ತೆ, ಬೇರಿಂಗ್ ಮತ್ತು ಲೈನರ್‌ಗಳನ್ನ ತಿನ್ನುತ್ತೆ. ಆ ಆಮ್ಲ ಮುರಿಯೋಕೆ ಆಯಿಲಲ್ಲಿ ಸುಣ್ಣದ ಗುಣದ ಕ್ಷಾರ ಹಾಕಿರ್ತಾರೆ. ಕ್ಷಾರ ಮುಗಿದ ದಿನ ಆಯಿಲಿನ ಆಯಸ್ಸೂ ಮುಗೀತು.

1990ರ ದಶಕದ ಮೊದಲ ಭಾಗದವರೆಗೆ ನಮ್ಮ ಡೀಸೆಲ್‌ನಲ್ಲಿ ಗಂಧಕ ಶೇಕಡಾ 1ರವರೆಗೂ ಇರಬಹುದಿತ್ತು. ಸುಮಾರು 120 ಲೀಟರ್ ಡೀಸೆಲ್ ಅಂದ್ರೆ 100 ಕೆಜಿ, ಅದರಲ್ಲಿ 1 ಕೆಜಿ ಗಂಧಕ! 2010ರಲ್ಲಿ ಬಿಎಸ್-3 ಬಂದಾಗ ಮಿತಿ 350 ಪಿಪಿಎಂಗೆ ಇಳೀತು. 2017ರ ಏಪ್ರಿಲ್‌ನಲ್ಲಿ ಬಿಎಸ್-4 ದೇಶವೆಲ್ಲ ಬಂದು 50ಕ್ಕೆ ಇಳೀತು. 2020ರ ಏಪ್ರಿಲ್‌ನಿಂದ ಬಿಎಸ್-6, ಮಿತಿ 10 ಪಿಪಿಎಂ. ಅಂದ್ರೆ ಅದೇ 120 ಲೀಟರ್‌ನಲ್ಲಿ ಈಗ 1 ಗ್ರಾಂ. ಬಂಕಿನಲ್ಲಿ ಹಳೇ ಟ್ರಾಕ್ಟರ್‌ಗೆ ಬೇರೆ, ಹೊಸದಕ್ಕೆ ಬೇರೆ ಡೀಸೆಲ್ ಇಲ್ಲ, ಈ ಲಾಭ ಎಲ್ಲರಿಗೂ ಸಿಕ್ಕಿದೆ. ಹಳೇ ಮೆಕ್ಯಾನಿಕ್ ಹೇಳೋ 150 ಗಂಟೆ 1 ಕೆಜಿ ಗಂಧಕದ ಕಾಲದ ಅನುಭವ. ಅವರ ಕಾಲಕ್ಕೆ ಅವರು ಹೇಳಿದ್ದು ಸರಿಯಾಗೇ ಇತ್ತು.

ಇನ್ನು ಸಿಂಥೆಟಿಕ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ರಸಾಯನ ವಿಜ್ಞಾನಿಗಳು ಎಸ್ಟರ್ ಅನ್ನೋ ಜಾತಿಯ ತೈಲಗಳನ್ನ ಕಾರ್ಖಾನೆಯಲ್ಲೇ ತಯಾರಿಸಿದ್ರು. ಯುದ್ಧ ಮುಗಿದ ಮೇಲೆ ಜೆಟ್ ಎಂಜಿನ್‌ಗಳಿಗೆ ಎಸ್ಟರ್ ಆಯಿಲೇ ಬೇಕಾಯ್ತು. ಮೊದಮೊದಲ ಜೆಟ್ ಆಯಿಲ್‌ಗಳಲ್ಲಿ ಮುಖ್ಯವಾದ ಒಂದು ಬಗೆಗೆ ಸೆಬಾಸಿಕ್ ಆಮ್ಲ ಬೇಕಿತ್ತು, ಅದನ್ನ ತೆಗೆಯೋದು ಹರಳೆಣ್ಣೆಯಿಂದ! ಹರಳೆಣ್ಣೆ ಕೂಡ ಹುಟ್ಟಾ ಒಂದು ಎಸ್ಟರೇ. ನಮ್ಮ ತಾತನ ಗೊಟ್ಟದಲ್ಲಿದ್ದ ಎಣ್ಣೆಯ ಬಂಧು ಜೆಟ್ ವಿಮಾನಕ್ಕೆ ಹೋಯ್ತು ಅನ್ನಿ. ರಸ್ತೆ ಮೇಲಿನ ಗಾಡಿಗೆ ಅಮೆರಿಕದಲ್ಲಿ 1972ರಲ್ಲಿ ಆಮ್ಸಾಯಿಲ್, 1974ರಲ್ಲಿ ಮೊಬಿಲ್ 1 ಬಂದುವು. ಆಗಿನ ದೊಡ್ಡ ಆಕರ್ಷಣೆ ಎರಡು: ಹಿಮ ಬೀಳೋ ಚಳಿಯಲ್ಲೂ ಗಟ್ಟಿಯಾಗಲ್ಲ, ಬಹಳ ಬಿಸಿಗೂ ಬೇಗ ಕೆಡಲ್ಲ.

1999ರಲ್ಲಿ ಒಂದು ತಿರುವು ಬಂತು. ಖನಿಜ ತೈಲವನ್ನೇ ಹೈಡ್ರೋಜನ್ ಜೊತೆ ಬಲವಾಗಿ ಸಂಸ್ಕರಿಸಿ ಮಾಡಿದ್ದನ್ನ ಸಿಂಥೆಟಿಕ್ ಅಂತ ಕರೀಬಹುದಾ ಅಂತ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಜಗಳ. ಅಮೆರಿಕದ ಜಾಹೀರಾತು ವಿಚಾರಣಾ ಮಂಡಳಿ ಕರೀಬಹುದು ಅಂತು. ಅಂದಿನಿಂದ ಕ್ಯಾನ್ ಮೇಲಿನ "ಸಿಂಥೆಟಿಕ್" ಅನ್ನೋ ಒಂದು ಪದಕ್ಕೆ ಒಂದೇ ಅರ್ಥ ಉಳಿದಿಲ್ಲ. ಆ ಆಯಿಲ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಚೆನ್ನಾಗೇ ಇರುತ್ತೆ. ಆದ್ರೆ ಮುಂದಿನ ದೊಡ್ಡ ಅಕ್ಷರ ನೋಡಿ ಕೊಳ್ಳೋದಕ್ಕಿಂತ ಹಿಂದಿನ ಸಣ್ಣ ಅಕ್ಷರ ಓದೋದು ಮುಖ್ಯ. ಅಲ್ಲಿ 15ಡಬ್ಲ್ಯೂ-40 ಅನ್ನೋ ಗ್ರೇಡ್ ಇರುತ್ತೆ, ಜೊತೆಗೆ ಎಪಿಐ ದರ್ಜೆ ಇರುತ್ತೆ. ಡೀಸೆಲ್‌ಗೆ ಅದು ಸಿ ಅಕ್ಷರದಿಂದ ಶುರು: ಸಿಎಫ್-4 ಅನ್ನೋದು 1990ರದ್ದು, ಸಿಐ-4 2002ರದ್ದು, ಸಿಕೆ-4 2016ರ ಕೊನೆಯದ್ದು.

ಈಗ ನಮ್ಮೂರಿನ ಲೆಕ್ಕ. ನಮ್ಮಲ್ಲಿ ಹಿಮ ಬೀಳಲ್ಲ, ಡಿಸೆಂಬರ್ ಬೆಳಗ್ಗೆಯೂ 15ಡಬ್ಲ್ಯೂ ಆಯಿಲ್ ಸಲೀಸಾಗಿ ಹರಿಯುತ್ತೆ. ಗಂಧಕ ಹೋಯ್ತು. ಉಳಿದ ಶತ್ರು ಧೂಳು. ಒಣಗಿದ ಕೆಂಪು ಮಣ್ಣಲ್ಲಿ ರೊಟವೇಟರ್ ಹೊಡೆಯುವಾಗ ಎಂಜಿನ್ ಉಸಿರಾಡೋದು ಆ ಧೂಳನ್ನೇ. ಅದರಲ್ಲಿರೋ ಮರಳಿನ ಕಣ ರಿಂಗನ್ನ ಉಪ್ಪು ಕಾಗದದ ಥರ ಉಜ್ಜುತ್ತೆ. ಯಾವ ಸಿಂಥೆಟಿಕ್‌ಗೂ ಅದನ್ನ ಕರಗಿಸೋ ಶಕ್ತಿ ಇಲ್ಲ. ಪಕ್ಕದೂರಲ್ಲಿ ಒಂದು ಟ್ರಾಕ್ಟರ್ ಬಿಚ್ಚಿದಾಗ ನಾನೂ ನಿಂತು ನೋಡ್ದೆ. ಒಳಗಿದ್ದದ್ದು ದುಬಾರಿ ಆಯಿಲ್. ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗೋ ರಬ್ಬರ್ ಪೈಪಿನ ಕ್ಲಿಪ್ ಸಡಿಲ. ರಿಂಗ್, ಲೈನರ್ ಎಲ್ಲ ಸವೆದಿತ್ತು. ಸರಿಯಾಗಿ ಮಾವು ಕೀಳೋ ಸಮಯ, ಗಾಡಿ ಶೆಡ್ಡಿನಲ್ಲಿ. ಬಾಡಿಗೆ ಟ್ರಾಕ್ಟರ್‌ಗೆ ಕೊಟ್ಟಿದ್ದೇ ಒಂದು ದೊಡ್ಡ ಮೊತ್ತ.

ಇದೆಲ್ಲ ನೋಡಿ ನಾನು ಪಾಲಿಸೋ ಕ್ರಮ ಹೇಳ್ತೀನಿ.

1. ಟರ್ಬೋ ಇಲ್ಲದ ಹಳೇ ಟ್ರಾಕ್ಟರ್, ಟಿಲ್ಲರ್‌ಗೆ ಪುಸ್ತಕ ಹೇಳಿದ ಗ್ರೇಡಿನ ಒಳ್ಳೇ ಖನಿಜ ಆಯಿಲ್ ಸಾಕು. ಸಿಂಥೆಟಿಕ್‌ಗೆ ಎರಡರಷ್ಟು ದುಡ್ಡು ಕೊಟ್ರೆ ಎರಡರಷ್ಟು ಗಂಟೆ ಓಡಿಸಿದ್ರೆ ಮಾತ್ರ ಅಸಲು. ನಮ್ಮ ಧೂಳಲ್ಲಿ ಹಾಗೆ ಓಡಿಸೋ ಧೈರ್ಯ ನನಗಿಲ್ಲ. ಉಳಿದ ದುಡ್ಡಲ್ಲಿ ಏರ್ ಫಿಲ್ಟರ್ ತಗೊಳ್ಳಿ.

2. ಟರ್ಬೋ ಇರೋ ಗಾಡಿ, ಬಿಎಸ್-6 ಪಿಕಪ್‌ಗೆ ಪುಸ್ತಕದ ಮಾತು ಮೀರಬೇಡಿ. ಸೈಲೆನ್ಸರ್ ದಾರೀಲಿ ಡಿಪಿಎಫ್ ಅನ್ನೋ ಮಸಿ ಜಾಲರಿ ಇದ್ರೆ ಬೂದಿ ಕಡಿಮೆ ಬಿಡೋ ಆಯಿಲೇ ಬೇಕು, ಇಲ್ಲಾಂದ್ರೆ ಜಾಲರಿ ಕಟ್ಟಿಕೊಳ್ಳುತ್ತೆ. ಇಲ್ಲಿ ಸಿಂಥೆಟಿಕ್‌ಗೆ ಕೊಟ್ಟ ದುಡ್ಡು ವ್ಯರ್ಥ ಅಲ್ಲ.

3. ಹೊಸ ಟ್ರಾಕ್ಟರ್‌ಗೆ ಮೊದಲ ಬದಲಾವಣೆ ಬೇಗ, ಸಾಮಾನ್ಯವಾಗಿ 50 ಗಂಟೆಗೆ. ಆಮೇಲೆ ಪುಸ್ತಕ 250 ಅಂದ್ರೆ 250, 400 ಅಂದ್ರೆ 400. ವಾರಂಟಿ ಇರೋವರೆಗೆ ಕ್ಯಾನ್ ಮೇಲಿನ 500 ನಂಬಿ ಮುಂದಕ್ಕೆ ಹಾಕ್ಬೇಡಿ. ಬೇಸಿಗೆಯೆಲ್ಲ ರೊಟವೇಟರ್ ಬಾಡಿಗೆಗೆ ಓಡಿದ ಗಾಡಿಗೆ ನಾನು 50 ಗಂಟೆ ಮುಂಚೆನೇ ತೆಗೀತೀನಿ. ಫಿಲ್ಟರ್ ಜೊತೆಗೇ ಬದಲಾಗ್ಬೇಕು.

4. ಹಳೇ ಮುಳ್ಳಿನ ಅವರ್ ಮೀಟರ್ ಎಣಿಸೋದು ಎಂಜಿನ್ನಿನ ಸುತ್ತು. ಕಡಿಮೆ ಆರ್‌ಪಿಎಂನಲ್ಲಿ ನಿಂತು ಸ್ಪ್ರೇ ಹೊಡೆದ್ರೆ ಅದು ಗಡಿಯಾರಕ್ಕಿಂತ ನಿಧಾನ. ತೋಟದ ಕೆಲಸದ ಗಂಟೆ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ.

5. ವರ್ಷದಲ್ಲಿ 100 ಗಂಟೆಯೂ ಓಡದ ಟಿಲ್ಲರ್, ಪಂಪು, ಸ್ಪ್ರೇಯರ್ ಎಂಜಿನ್‌ಗಳಿಗೆ ಗಂಟೆ ಲೆಕ್ಕ ಬೇಡ. ತೇವ ಸೇರಿ ಆಯಿಲ್ ಕೆಡುತ್ತೆ. ಆಯುಧ ಪೂಜೆಗೆ ತೊಳೆದು ಕುಂಕುಮ ಇಡ್ತೀವಲ್ಲ, ಅವತ್ತೇ ಹೊಸ ಆಯಿಲ್ ಹಾಕಿ. ದಿನಾಂಕ ಮರೆಯೋ ಮಾತೇ ಇಲ್ಲ.

6. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ತಾನಾಗೇ ಮೇಲೇರಿದ್ರೆ ಅಥವಾ ಹಾಲು ಚಹಾದ ಬಣ್ಣ ಬಂದ್ರೆ ಗಂಟೆ ನೋಡ್ಬೇಡಿ, ಎಂಜಿನ್ ನಿಲ್ಸಿ. ಡೀಸೆಲೋ ನೀರೋ ಸೇರ್ತಿದೆ.

ತೆಗೆದ ಹಳೇ ಆಯಿಲನ್ನ ಬದುವಿಗೆ, ಚರಂಡಿಗೆ ಸುರಿಯೋದು ಬೇಡ. ಸಾವಿರ ಅಡಿ ಕೊರೆದು ನೀರು ಹುಡುಕೋ ಊರಿನವರು ನಾವು. ಕ್ಯಾನಲ್ಲಿ ತುಂಬಿಸಿಟ್ಟು, ಹಳೇ ಆಯಿಲ್ ಕೊಳ್ಳೋ ಲೈಸೆನ್ಸ್ ಇರೋರಿಗೇ ಕೊಡಿ. ಖಾಲಿ ಕ್ಯಾನಿಗೆ ತೂತು ಹೊಡೆದೇ ಗುಜರಿಗೆ ಹಾಕಿ, ಇಲ್ಲಾಂದ್ರೆ ಅದೇ ಕ್ಯಾನಲ್ಲಿ ಕಲಬೆರಕೆ ತುಂಬಿ ಮತ್ತೆ ನಮಗೇ ಮಾರ್ತಾರೆ.

ನಿಮ್ಮ ಟ್ರಾಕ್ಟರ್ ಯಾವ ವರ್ಷದ್ದು, ಪುಸ್ತಕದಲ್ಲಿ ಎಷ್ಟು ಗಂಟೆ ಅಂತಿದೆ, ನೀವು ಎಷ್ಟಕ್ಕೆ ಬದಲಾಯಿಸ್ತೀರಿ ಅಂತ ಕೆಳಗೆ ಬರೀರಿ. ಮನೇಲಿ ಹಿರಿಯರಿದ್ರೆ ಕೀಲೆಣ್ಣೆಗೆ ಅವರು ಇನ್ನೇನು ಕಲಸ್ತಿದ್ರು ಅಂತಾನೂ ಕೇಳಿ ಬರೀರಿ, ಅದೂ ದಾಖಲಾಗಲಿ.