ಆಟದ ಡಬ್ಬಿಯಲ್ಲಿ ಅವಿತುಕೊಂಡ ಚರಿತ್ರೆ

ಪುಸ್ತಕವೊಂದು ಅಚ್ಚಿಗೆ ಹೋಗುವ ಮುನ್ನ ಲೇಖಕ ಹೊಡೆದುಹಾಕಿದ ಸಾಲುಗಳು ಓದುಗನ ಕೈಗೆ ಬರುವುದಿಲ್ಲ. ಸಂಕಲನಕಾರ ಕತ್ತರಿಸಿದ ದೃಶ್ಯಗಳು ಚಿತ್ರಮಂದಿರವನ್ನು ತಲುಪುವುದಿಲ್ಲ. ವಿಡಿಯೊ ಗೇಮ್‌ಗಳ ವಿಷಯ ಹಾಗಲ್ಲ. ತಯಾರಕರು ಬೇಡವೆಂದು ಕೈಬಿಟ್ಟ ಪಾತ್ರ, ಚಿತ್ರ, ಕಾಳಗಗಳು ಎಷ್ಟೋ ಸಲ ಆಟದ ಕಾರ್ಟ್ರಿಜ್‌ನಲ್ಲೇ ಉಳಿದು, ಕೊಂಡವರ ಮನೆಯನ್ನು ಸೇರುತ್ತವೆ. ಕೊನೆಗಳಿಗೆಯಲ್ಲಿ ಒಂದನ್ನು ಕೀಳಲು ಹೋಗಿ ಇನ್ನೊಂದು ಕೆಟ್ಟರೆ ಏನು ಗತಿ? ಅದಕ್ಕಿಂತ ಅದರ ದಾರಿಯನ್ನು ಮುಚ್ಚಿ ಸುಮ್ಮನಾಗುವುದೇ ಕ್ಷೇಮ. ಆಟಗಾರನ ಕಣ್ಣಿಗೆ ಬೀಳದಿದ್ದರೂ ಅವು ಅಲ್ಲೇ ಇರುತ್ತವೆ.

ಹೀಗೆ ಅವಿತುಕೊಂಡವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಜಪಾನಿನ ಒಂದು ಪುಟ್ಟ ಪ್ರಾಣಿ. ಅದರ ಹೆಸರು ಮ್ಯೂ.

1996ರ ಫೆಬ್ರುವರಿ 27ರಂದು ನಿಂಟೆಂಡೊ ಕಂಪೆನಿಯ ‘ಗೇಮ್ ಬಾಯ್’ ಯಂತ್ರಕ್ಕಾಗಿ ‘ಪಾಕೆಟ್ ಮಾನ್‌ಸ್ಟರ್ಸ್’ ಎಂಬ ಆಟ ಜಪಾನಿನ ಅಂಗಡಿಗಳಿಗೆ ಬಂತು. ಮುಂದೆ ಜಗತ್ತಿಗೆಲ್ಲ ‘ಪೋಕೆಮಾನ್’ ಎಂದು ಪರಿಚಿತವಾದದ್ದು ಇದೇ. ಸತೋಶಿ ತಜಿರಿ ನೇತೃತ್ವದ ‘ಗೇಮ್ ಫ್ರೀಕ್’ ಸಂಸ್ಥೆ ಇದನ್ನು ರೂಪಿಸಿತ್ತು. ಆಟಕ್ಕೆ ಕೆಂಪು, ಹಸಿರು ಎಂಬ ಎರಡು ಆವೃತ್ತಿಗಳು. 150 ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕುವುದು ಆಟಗಾರನ ಗುರಿ. ಕೆಲವು ಕೆಂಪಿನಲ್ಲಷ್ಟೇ ಸಿಗುತ್ತವೆ, ಕೆಲವು ಹಸಿರಿನಲ್ಲಷ್ಟೇ. ಆದ್ದರಿಂದ ಗೆಳೆಯನ ಯಂತ್ರಕ್ಕೆ ತಂತಿ ಜೋಡಿಸಿ ಅದಲುಬದಲು ಮಾಡಿಕೊಳ್ಳದೆ ಪಟ್ಟಿ ಪೂರ್ತಿಯಾಗದು.

ಮುನ್ನೂರು ಬೈಟ್‌ಗಳ ಗುಟ್ಟು

ಆಟ ಸಿದ್ಧವಾದ ಮೇಲೆ, ದೋಷ ಹುಡುಕಲು ಬಳಸಿದ್ದ ಉಪಕರಣಗಳನ್ನು ಅದರಿಂದ ತೆಗೆದುಹಾಕಲಾಯಿತು. ಆಗ ಸುಮಾರು 300 ಬೈಟ್‌ಗಳಷ್ಟು ಜಾಗ ಖಾಲಿಯಾಯಿತು. ಮುನ್ನೂರು ಬೈಟ್ ಎಂದರೆ ಮುನ್ನೂರು ಇಂಗ್ಲಿಷ್ ಅಕ್ಷರಗಳು ಹಿಡಿಸುವಷ್ಟು ಸ್ಥಳ. ಒಂದು ಅಂಚೆ ಕಾರ್ಡಿನ ಬರಹವೆನ್ನಿ. ಪ್ರೋಗ್ರಾಮರ್ ಶಿಗೆಕಿ ಮೊರಿಮೊತೊ ಆ ಜಾಗದಲ್ಲಿ 151ನೆಯ ಪ್ರಾಣಿಯನ್ನು ಕೂರಿಸಿದರು. ಪರೀಕ್ಷೆಯೆಲ್ಲ ಮುಗಿದ ಮೇಲೆ ಏನನ್ನೂ ಮುಟ್ಟಬಾರದೆಂಬುದು ಈ ಉದ್ಯಮದ ಕಟ್ಟುನಿಟ್ಟಿನ ನಿಯಮ. ಅದನ್ನು ಮುರಿದು ನಡೆದ ಚೇಷ್ಟೆ ಇದು. ಮುಂದೆಂದಾದರೂ ಬಳಸೋಣ, ಇಲ್ಲವಾದರೆ ತಮ್ಮೊಳಗಿನ ಗುಟ್ಟಾಗಿಯೇ ಇರಲಿ ಎಂಬುದು ಅವರ ಎಣಿಕೆ.

ಆದರೆ ಆಟದಲ್ಲಿ ಯಾರೂ ನಿರೀಕ್ಷಿಸದ ಒಂದು ದೋಷವಿತ್ತು. ಅದರಿಂದಾಗಿ ಕೆಲವು ಮಕ್ಕಳ ಪರದೆಯ ಮೇಲೆ ಮ್ಯೂ ಪ್ರತ್ಯಕ್ಷವಾಯಿತು! ಸುದ್ದಿ ಶಾಲೆಯಿಂದ ಶಾಲೆಗೆ ಹರಡಿತು. ಅದೇ ಏಪ್ರಿಲ್‌ನಲ್ಲಿ ‘ಕೊರೊಕೊರೊ’ ಎಂಬ ಮಕ್ಕಳ ಕಾಮಿಕ್ಸ್ ಪತ್ರಿಕೆ, ಚೀಟಿ ಎತ್ತಿ ಇಪ್ಪತ್ತು ಮಂದಿಗೆ ಮ್ಯೂ ಕೊಡುವುದಾಗಿ ಪ್ರಕಟಿಸಿತು. ಬಂದ ಅರ್ಜಿಗಳು ಸುಮಾರು 78,000. ಅಲ್ಲಿಯವರೆಗೆ ಒಂದು ತಿಂಗಳಲ್ಲಿ ಖರ್ಚಾಗುತ್ತಿದ್ದಷ್ಟು ಪ್ರತಿಗಳು ಒಂದೇ ವಾರದಲ್ಲಿ ಮಾರಾಟವಾಗತೊಡಗಿದವು. ಗುಟ್ಟಾಗಿ ಸೇರಿಸಿದ್ದು ಆಟದ ಅದೃಷ್ಟವನ್ನೇ ಬದಲಿಸಿತು.

ಡಬ್ಬಿಯ ಸಾಕ್ಷ್ಯ

ಇದು ತಯಾರಕರೇ ವರ್ಷಗಳ ನಂತರ ಹೇಳಿಕೊಂಡ ಕಥೆ. ಅದನ್ನು ನಂಬುವುದು ಹೇಗೆ? ಕಾರ್ಟ್ರಿಜ್ಜೇ ಸಾಕ್ಷಿ ನುಡಿಯುತ್ತದೆ. 150 ಪ್ರಾಣಿಗಳ ಬಲಾಬಲದ ಅಂಕಿಗಳು ಅದರಲ್ಲಿ ಒಂದರ ಪಕ್ಕ ಒಂದು ಸಾಲಾಗಿವೆ. ಮ್ಯೂನದು ಮಾತ್ರ ಆ ಸಾಲಿನಲ್ಲಿಲ್ಲ, ದೂರದ ಇನ್ನೊಂದೆಡೆ ಒಂಟಿಯಾಗಿದೆ. ಹಳೆಗನ್ನಡ ಕಾವ್ಯ ಸಂಪಾದಿಸುವ ಪಂಡಿತರು ಇಂಥದನ್ನು ಕಂಡರೆ ‘ಪ್ರಕ್ಷಿಪ್ತ’ ಎಂದಾರು. ಅಂದರೆ ಆಮೇಲೆ ಸೇರಿಸಿದ ಭಾಗ.

ಇನ್ನೂ ಒಂದು ಸ್ವಾರಸ್ಯವಿದೆ. ಆಟಗಾರನಿಗೆ ಕಾಣುವ ಪಟ್ಟಿಯಲ್ಲದೆ, ಯಂತ್ರವು ತನ್ನ ಬಳಕೆಗಾಗಿ ಇಟ್ಟುಕೊಂಡ ಬೇರೊಂದು ಕ್ರಮಸಂಖ್ಯೆಯಿದೆ. ಹೊರಗಿನ ಪಟ್ಟಿಯಲ್ಲಿ ಮೊದಲನೆಯದಾದ ಬಲ್ಬಸಾರ್ ಒಳಗಿನ ಕ್ರಮದಲ್ಲಿ 153ನೆಯದು. ಅಲ್ಲಿ ಮೊದಲ ಸ್ಥಾನ ಖಡ್ಗಮೃಗವನ್ನು ಹೋಲುವ ರೈಡಾನ್‌ಗೆ. ತಾವು ಮೊಟ್ಟಮೊದಲು ರೂಪಿಸಿದ್ದು ಅದನ್ನೇ ಎಂದು ಚಿತ್ರಕಾರ ಕೆನ್ ಸುಗಿಮೊರಿ ಹೇಳಿದ್ದುಂಟು. ಹೀಗಾಗಿ ಒಳಕ್ರಮ ಬಹುಮಟ್ಟಿಗೆ ಪ್ರಾಣಿಗಳು ಹುಟ್ಟಿದ ಕ್ರಮವೇ ಇರಬೇಕೆಂಬುದು ಅಭ್ಯಾಸಿಗಳ ತರ್ಕ. ಅದರಲ್ಲಿ ಮ್ಯೂ 21ನೆಯದು. ಕಥೆಯ ಪ್ರಕಾರ ಅದರ ಸಂತಾನವಾದ ಮ್ಯೂಟೂ 131ನೆಯದು. ಅಂದರೆ ಕೊನೆಯಲ್ಲಿ ಒಳನುಗ್ಗಿದ ಮ್ಯೂಗೆ ಆರಂಭದಲ್ಲೇ ಒಂದು ಜಾಗ ಗೊತ್ತಾಗಿದ್ದಿರಬೇಕು. ಆ ಒಳಕ್ರಮದಲ್ಲಿ ಒಟ್ಟು 190 ಮನೆಗಳು. ಅವುಗಳಲ್ಲಿ 39 ಖಾಲಿ.

ಆಟದ ಆರಂಭದಲ್ಲಿ ಪ್ರಾಣಿಯೊಂದನ್ನು ಕೊಟ್ಟು ಹರಸಿ ಕಳಿಸುವ ವೃದ್ಧ ವಿಜ್ಞಾನಿ ಪ್ರೊಫೆಸರ್ ಓಕ್ ಕೂಡ ಒಳಗೆ ಬೇರೆಯೇ ವೇಷದಲ್ಲಿದ್ದಾರೆ. ಅವರೊಡನೆ ಕಾಳಗಕ್ಕೆಂದು ಮೂರು ತಂಡಗಳು ಸಿದ್ಧವಾಗಿವೆ. ಆಟದ ಕೊನೆಯ ಎದುರಾಳಿಯ ಅತಿ ಬಲಿಷ್ಠ ಪ್ರಾಣಿ 65ನೆಯ ಮಟ್ಟದ್ದಾದರೆ, ಓಕ್ ಅವರದು 70ನೆಯ ಮಟ್ಟದ್ದು. ಗುರುವನ್ನೇ ಗೆಲ್ಲಬೇಕಾದ ಅಂತಿಮ ಪರೀಕ್ಷೆಯೊಂದು ತಯಾರಕರ ಮನಸ್ಸಿನಲ್ಲಿ ಸುಳಿದು, ಮತ್ತೆ ಮರೆಯಾದ ಗುರುತು ಇದು.

ಕಡಲು ದಾಟಿದ ಪಾಠಾಂತರ

1998ರ ಸೆಪ್ಟೆಂಬರ್‌ನಲ್ಲಿ ಆಟ ಅಮೆರಿಕಕ್ಕೆ ಹೋಯಿತು. ಹಸಿರಿನ ಬದಲು ನೀಲಿ ಬಂತು. ಐದು ಜಪಾನಿ ಅಕ್ಷರಗಳಲ್ಲಿ ಮುಗಿಯುತ್ತಿದ್ದ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಹತ್ತು ಅಕ್ಷರ ಬೇಕಾಯಿತು. ಕಾರ್ಟ್ರಿಜ್‌ನ ಗಾತ್ರವೇ 512 ಕಿಲೊಬೈಟ್‌ನಿಂದ ಅದರ ಇಮ್ಮಡಿಗೆ ಏರಿತು.

ಬದಲಾದದ್ದು ಲಿಪಿಯೊಂದೇ ಅಲ್ಲ. ಜಪಾನಿ ಆಟದಲ್ಲಿ ಕುಡಿದು ದಾರಿಗಡ್ಡ ಬಿದ್ದಿದ್ದ ಮುದುಕ, ಅಮೆರಿಕದಲ್ಲಿ ಬೆಳಗಿನ ಕಾಫಿ ಸಿಗದೆ ಸಿಡುಕುವ ಮುದುಕನಾದ! ಕಾಲಿನಿಂದ ಒದೆಯುವ ಒಂದು ಪ್ರಾಣಿಗೆ ಜಪಾನಿನಲ್ಲಿ ಕಿಕ್‌ಬಾಕ್ಸರ್ ತದಾಶಿ ಸವಮುರ ಅವರ ಹೆಸರಿತ್ತು, ಗುದ್ದುವ ಅದರ ಜೊತೆಗಾರನಿಗೆ ಬಾಕ್ಸರ್ ಹಿರೊಯುಕಿ ಎಬಿಹರ ಅವರದು. ಅಮೆರಿಕದ ಮಕ್ಕಳಿಗೆ ಈ ವೀರರು ಅಪರಿಚಿತರು. ಹಾಗಾಗಿ ಒಂದರ ಹೆಸರಿನ ಬಾಲದಲ್ಲಿ ಬ್ರೂಸ್ ಲೀ ಬಂದರು, ಇನ್ನೊಂದರಲ್ಲಿ ಜಾಕಿ ಚಾನ್.

ನಮ್ಮ ದೇಶಕ್ಕೂ ಇಲ್ಲೊಂದು ಮೂಲೆಯಿದೆ. ವಿದ್ಯುತ್ ಹರಿಸುವ ರೈಚು ಎಂಬ ಪ್ರಾಣಿಯನ್ನು ಮುಟ್ಟಿದರೆ ಭಾರತದ ಆನೆಯೂ ಮೂರ್ಛೆ ಹೋಗುತ್ತದೆಂದು ಮೊದಲ ಜಪಾನಿ ಆವೃತ್ತಿ ವರ್ಣಿಸುತ್ತದೆ. 1998ರ ಇಂಗ್ಲಿಷ್ ಆಟ ಬೇರೊಂದು ವರ್ಣನೆಯನ್ನು ಆರಿಸಿಕೊಂಡದ್ದರಿಂದ ನಮ್ಮ ಆನೆ ಕಡಲು ದಾಟಲಿಲ್ಲ. 2004ರಲ್ಲಿ ಈ ಆಟವನ್ನು ಹೊಸದಾಗಿ ರೂಪಿಸಿದಾಗಷ್ಟೇ ಅದು ಇಂಗ್ಲಿಷಿಗೆ ಬಂತು.

ಕಾಯುವವರು ಯಾರು?

ಇದೆಲ್ಲ ಮಕ್ಕಳಾಟದ ಸಂಗತಿ, ಇತಿಹಾಸವೆಂದು ಏಕೆ ಕರೆಯಬೇಕು ಎನ್ನಬಹುದು. ಕೋಟ್ಯಂತರ ಮಕ್ಕಳ ಬಾಲ್ಯವನ್ನು ತುಂಬಿದ ಕೃತಿಯೊಂದು ಹೇಗೆ ಕಟ್ಟಲ್ಪಟ್ಟಿತು, ಒಂದು ಸಮಾಜ ಇನ್ನೊಂದಕ್ಕೆ ತನ್ನನ್ನು ತೋರಿಸಿಕೊಳ್ಳುವಾಗ ಏನನ್ನು ಮುಚ್ಚಿಟ್ಟಿತು ಎಂಬುದು ಇತಿಹಾಸವಲ್ಲದೆ ಮತ್ತೇನು? ಆದರೆ ಈ ದಾಖಲೆಗಳ ಆಯುಸ್ಸು ಕಡಿಮೆ. ಅಮೆರಿಕದ ‘ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್’ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಗ್ರಂಥಾಲಯಗಳು ಸಂಶೋಧಕರಿಗೆ ಇವನ್ನು ದೂರದಿಂದಲೇ ಒದಗಿಸಲು ಕೇಳಿದ ಅನುಮತಿಯನ್ನು 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ನಿರಾಕರಿಸಿತು. ಕಂಪೆನಿಗಳ ವ್ಯಾಪಾರಕ್ಕೆ ಧಕ್ಕೆಯಾದೀತೆಂಬ ಆತಂಕ ಇದರ ಹಿಂದಿದೆ.

ನೇರ ಬಾಗಿಲು ಮುಚ್ಚಿದಾಗ ಕಳ್ಳದಾರಿ ತೆರೆಯುತ್ತದೆ. ಅದೇ 2024ರಲ್ಲಿ ಗೇಮ್ ಫ್ರೀಕ್‌ನ ಗಣಕಗಳಿಗೆ ಯಾರೋ ಕನ್ನ ಹಾಕಿದರು. ಹಳೆಯ ಕರಡುಗಳು, ಕೈಬಿಟ್ಟ ಯೋಜನೆಗಳು ಹೊರಬಿದ್ದವು. ಅಭಿಮಾನಿಗಳಿಗೆ ಸಂಭ್ರಮವೇ ಆಯಿತು. ಆದರೆ ಕಂಪೆನಿಯೇ ತಿಳಿಸಿದಂತೆ, ಎರಡು ಸಾವಿರಕ್ಕೂ ಹೆಚ್ಚು ನೌಕರರ ಖಾಸಗಿ ವಿವರಗಳೂ ಸೋರಿಹೋದವು. ಇತಿಹಾಸವನ್ನು ತಿಳಿಯಲು ತೆರಬೇಕಾದ ಬೆಲೆ ಇದಲ್ಲ. ತಯಾರಕರು ತಮ್ಮ ಕರಡುಗಳನ್ನು ನಿರ್ದಿಷ್ಟ ಅವಧಿಯ ನಂತರ ಪತ್ರಾಗಾರಗಳಿಗೆ ಒಪ್ಪಿಸುವ ಪದ್ಧತಿ ಬಂದರೆ ಇಂಥ ಕಳವಿನ ಮಾಲಿಗೆ ಯಾರೂ ಬಾಯಿ ಬಿಡಬೇಕಾಗಿಲ್ಲ.

ಕಾಲವೂ ಕಾಯುವುದಿಲ್ಲ. ಗೇಮ್ ಬಾಯ್ ಕಾರ್ಟ್ರಿಜ್‌ನಲ್ಲಿ ಮಗು ಆಡಿ ಉಳಿಸಿದ ಆಟ ನಿಂತಿರುವುದು ಒಂದು ಗುಂಡಿಯಷ್ಟು ಚಿಕ್ಕ ಬ್ಯಾಟರಿಯ ಮೇಲೆ. ಬ್ಯಾಟರಿ ಸತ್ತರೆ ಹಿಡಿದ ಪ್ರಾಣಿಗಳೆಲ್ಲ ಅಳಿಸಿಹೋಗುತ್ತವೆ. ಮೊರಿಮೊತೊ ಬಚ್ಚಿಟ್ಟ 300 ಬೈಟ್‌ಗಳಿಗೆ ಲಕ್ಷಾಂತರ ಪ್ರತಿಗಳಿವೆ. ಆದರೆ 1996ರಲ್ಲಿ ಚೀಟಿಯಲ್ಲಿ ಗೆದ್ದ ಆ ಇಪ್ಪತ್ತು ಮ್ಯೂಗಳಿಗೆ ಇನ್ನೊಂದು ಪ್ರತಿಯಿಲ್ಲ.